ಪಟ್ಟಿ ಬರೆಯುವವರು ಯಾರು?

ಬೆಂಗಳೂರಿನ ಈಜಿಪುರದ ಬಡವರ ವಸತಿಗೃಹಗಳ ಜಾಗಕ್ಕೆ ಜೆಸಿಬಿ ನುಗ್ಗಿದ್ದು 2013ರ ಜನವರಿ 18ರಂದು, ಶುಕ್ರವಾರ. ದೆಹಲಿಯ ಶಕೂರ್ ಬಸ್ತಿಯಲ್ಲಿ ರೈಲ್ವೆ ಇಲಾಖೆ ಗುಡಿಸಲುಗಳನ್ನು ಕೆಡವಿದ್ದು 2015ರ ಡಿಸೆಂಬರ್ 12ರಂದು, ಶನಿವಾರ. ಬೆಳ್ಳಂದೂರು ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳು ನೆಲಕ್ಕುರುಳಿದ್ದು 2020ರ ಜನವರಿ 18 ಮತ್ತು 19ರಂದು, ಶನಿವಾರ ಮತ್ತು ಭಾನುವಾರ. ಕಾಕತಾಳೀಯ ಎನ್ನುವವರು ಎನ್ನಲಿ. ಬಡವರ ಪರವಾಗಿ ಓಡಾಡುವ ಸಂಘಟಕರಿಗೆ ಈ ಲೆಕ್ಕ ಬಾಯಿಪಾಠ. ವಾರದ ಕೊನೆಯಲ್ಲಿ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ, ತಡೆಯಾಜ್ಞೆ ಬೇಕೆಂದರೂ ಸೋಮವಾರದವರೆಗೆ ಕಾಯಬೇಕು. ಅಷ್ಟರಲ್ಲಿ ಉಳಿಸಿಕೊಳ್ಳಲು ಗೋಡೆಯೇ ಇರುವುದಿಲ್ಲ.

ಎತ್ತಂಗಡಿ ಎಂದೊಡನೆ ಟೀವಿ ಪರದೆಯ ಮೇಲೆ ಬರುವ ಚಿತ್ರ ಒಂದೇ: ಜೆಸಿಬಿಯ ಮುಂದೆ ಮಲಗಿದ ಹೆಂಗಸರು, ಘೋಷಣೆ ಕೂಗುವ ನಾಲ್ಕಾರು ಕಾರ್ಯಕರ್ತರು, ಅವರನ್ನು ವ್ಯಾನಿಗೆ ತುಂಬುವ ಪೊಲೀಸರು. ಹೋರಾಟವೆಂದರೆ ಇದೇ ಎಂದು ನಾವೂ ನಂಬಿಬಿಟ್ಟಿದ್ದೇವೆ. ಆದರೆ ಕಳೆದ ಐವತ್ತು ವರ್ಷಗಳ ಕಥೆಯನ್ನು ಮುಂಬೈ, ಮನಿಲಾ, ದೆಹಲಿ, ಬೆಂಗಳೂರುಗಳಲ್ಲಿ ಹಿಂಬಾಲಿಸಿದರೆ ಕಾಣುವುದು ಬೇರೆಯದೇ. ಜೆಸಿಬಿ ಬಂದ ದಿನ ಸಂಘಟಕನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಸೋಲು ಗೆಲುವು ತೀರ್ಮಾನವಾಗುವುದು ಅದಕ್ಕೂ ವರ್ಷಗಳ ಹಿಂದೆ, ಇಲ್ಲಿ ಯಾರು ಯಾರು ವಾಸವಾಗಿದ್ದಾರೆ ಎಂಬ ಪಟ್ಟಿ ಯಾರ ಕೈಯಲ್ಲಿ ತಯಾರಾಯಿತು ಎಂಬುದರ ಮೇಲೆ.

ಈ ಮಾತಿಗೆ ಮೊದಲ ಸಾಕ್ಷಿ ನಮ್ಮ ಕೋಲಾರ ಚಿನ್ನದ ಗಣಿಯ ಹುಡುಗನೊಬ್ಬ. ಕೆಜಿಎಫ್‌ನಲ್ಲಿ ಹುಟ್ಟಿ, ಬಡಗಿ ಕೆಲಸ ಕಲಿತು, ಅರವತ್ತರ ದಶಕದಲ್ಲಿ ಮುಂಬೈ ಸೇರಿದ ಜಾಕಿನ್ ಅರ್ಪುತಂ ನೆಲೆ ಕಂಡುಕೊಂಡದ್ದು ಟ್ರಾಂಬೆ ಕಡೆಯ ಜನತಾ ಕಾಲೊನಿಯಲ್ಲಿ. ಕಸ ಎತ್ತಲು ಯಾರೂ ಬಾರದಿದ್ದಾಗ ಕಾಲೊನಿಯ ಮಕ್ಕಳ ಕೈಲಿ ಒಂದೊಂದು ಕಾಗದದ ಪೊಟ್ಟಣದಲ್ಲಿ ಕಸ ಹೊರಿಸಿ ಮುನಿಸಿಪಾಲಿಟಿ ಕಚೇರಿಯ ಮುಂದೆ ಸುರಿಸಿದ ಪ್ರಸಂಗವನ್ನು ಅವರು ಕೊನೆಯವರೆಗೂ ನಗುನಗುತ್ತ ಹೇಳುತ್ತಿದ್ದರು. ನಗರದ ಬೇರೆ ಕಡೆಗಳಿಂದ ಪಾಲಿಕೆಯೇ ಕರೆತಂದು ಕೂರಿಸಿದ ಜನರ ಆ ಕಾಲೊನಿಯ ಮೇಲೆ ಪಕ್ಕದ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಕಣ್ಣು ಬಿತ್ತು. ಅಲ್ಲಿಂದ ಶುರುವಾದ ಅರ್ಜಿ, ಮೆರವಣಿಗೆ, ಕೋರ್ಟು ಅಲೆದಾಟ ವರ್ಷಗಟ್ಟಲೆ ನಡೆಯಿತು. ಕೊನೆಗೆ ತುರ್ತು ಪರಿಸ್ಥಿತಿ ಬಂತು. 1976ರ ಮೇ ತಿಂಗಳಲ್ಲಿ ಸುಮಾರು 70,000 ಜನರನ್ನು ಅಲ್ಲಿಂದ ಎಬ್ಬಿಸಲಾಯಿತು. ಬಂಧನ ತಪ್ಪಿಸಿಕೊಳ್ಳಲು ಜಾಕಿನ್ ದೇಶ ಬಿಟ್ಟು ಫಿಲಿಪ್ಪೀನ್ಸ್‌ಗೆ ಹೋದರು.

ಹೋರಾಟ ಸೋತಿತು ಎನ್ನಬೇಕೆ? ಜಾಗದ ಲೆಕ್ಕದಲ್ಲಿ ಹೌದು. ಆದರೆ ಆ ಜನ ದಿಕ್ಕಾಪಾಲಾಗಲಿಲ್ಲ. ಹತ್ತಿರದ ಚೀತಾ ಕ್ಯಾಂಪಿನಲ್ಲಿ ಒಟ್ಟಾಗಿ ಮತ್ತೆ ನೆಲೆಯೂರಿದರು. ಆ ವಸತಿ ಇಂದಿಗೂ ಇದೆ. ಇಷ್ಟು ವರ್ಷ ಒಟ್ಟಿಗೆ ಅರ್ಜಿ ಬರೆದವರಿಗೆ ತಮ್ಮಲ್ಲಿ ಯಾರಿದ್ದಾರೆ ಎಂಬುದು ಸರ್ಕಾರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಎಪ್ಪತ್ತರ ದಶಕದ ಮಧ್ಯದಲ್ಲಿ ಜಾಕಿನ್ ಕಟ್ಟಿದ ರಾಷ್ಟ್ರೀಯ ಕೊಳಗೇರಿ ನಿವಾಸಿಗಳ ಒಕ್ಕೂಟ ಮುಂದೆ ಹತ್ತಾರು ದೇಶಗಳ ಬಡವರ ಜಾಲಕ್ಕೆ ಬುನಾದಿಯಾಯಿತು. 2000ದಲ್ಲಿ ಮ್ಯಾಗ್ಸೆಸೆ, 2011ರಲ್ಲಿ ಪದ್ಮಶ್ರೀ ಬಂದವು. 2018ರಲ್ಲಿ ಅವರು ತೀರಿಕೊಂಡಾಗ ಅವರ ತವರಿನ ಕನ್ನಡ ಪತ್ರಿಕೆಗಳು ಇನ್ನಷ್ಟು ಜಾಗ ಕೊಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಜಾಕಿನ್‌ಗೆ ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದ ನಂಟು ಸುಮ್ಮನೆ ಬಂದದ್ದಲ್ಲ. ಏಷ್ಯಾದಲ್ಲಿ ಕೊಳಗೇರಿ ಸಂಘಟನೆಯ ಪಾಠಶಾಲೆಯೆಂದರೆ ಆ ಊರಿನ ಬಂದರು ಪಕ್ಕದ ತೊಂಡೊ. ಶಿಕಾಗೋದ ಸಾಲ್ ಅಲಿನ್‌ಸ್ಕಿ ರೂಪಿಸಿದ ವಿಧಾನವನ್ನು ಚರ್ಚಿನ ಕಾರ್ಯಕರ್ತರು ಅಲ್ಲಿಗೆ ತಂದರು; 1970ರಲ್ಲಿ ‘ಜೋಟೊ’ ಎಂಬ ಒಕ್ಕೂಟ ಹುಟ್ಟಿತು. ಅಲಿನ್‌ಸ್ಕಿ ಪಾಠದ ತಿರುಳು ಸರಳ. ಹೊರಗಿನಿಂದ ಬಂದ ಸಂಘಟಕ ಭಾಷಣ ಮಾಡಬಾರದು, ಜನರ ಸಣ್ಣ ಸಿಟ್ಟೊಂದನ್ನು ಹುಡುಕಬೇಕು, ನಲ್ಲಿಯೋ ಚರಂಡಿಯೋ ಯಾವುದಾದರೂ ಆಗಲಿ, ಅದರಲ್ಲಿ ಒಂದು ಗೆಲುವು ಸಿಗುವಂತೆ ಮಾಡಬೇಕು, ಆಮೇಲೆ ಮೆಲ್ಲಗೆ ಹಿಂದೆ ಸರಿಯಬೇಕು. ಮಾರ್ಕೋಸ್ ಸರ್ವಾಧಿಕಾರದ ನಡುವೆಯೂ ಜೋಟೊ ಉಳಿಯಿತು. ಅದರ ನಾಯಕಿ ತ್ರಿನಿದಾದ್ ಹೆರೆರಾ 1977ರಲ್ಲಿ ಬಂಧನಕ್ಕೊಳಗಾಗಿ ಚಿತ್ರಹಿಂಸೆ ಅನುಭವಿಸಿದರು. 1992ರಲ್ಲಿ ಆ ದೇಶ ಮಾಡಿದ ನಗರ ವಸತಿ ಕಾನೂನು ತೆರವಿಗೆ ಮೊದಲು 30 ದಿನಗಳ ನೋಟಿಸು ಕೊಡಬೇಕೆಂದು ಬರೆಯಿತು. ಕಾನೂನು ಬಂದಮೇಲೂ ಅಲ್ಲಿ ತೆರವು ನಿಲ್ಲಲಿಲ್ಲ, ಅದು ಬೇರೆ ಮಾತು.

ನಮ್ಮಲ್ಲಿ ಕಾನೂನಿನ ಕಥೆ ಶುರುವಾಗುವುದು 1981ರ ಮಳೆಗಾಲದಲ್ಲಿ. ಫುಟ್‌ಪಾತ್ ಮೇಲಿನವರನ್ನು ಮುಂಬೈಯಿಂದ ಹೊರಹಾಕುವುದಾಗಿ ಮುಖ್ಯಮಂತ್ರಿ ಎ.ಆರ್. ಅಂತುಳೆ ಸಾರಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್, ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್ ಮತ್ತು ಫುಟ್‌ಪಾತಿನ ನಿವಾಸಿಗಳು ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಐವರ ಪೀಠ ತೀರ್ಪಿತ್ತಿತು. ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಇದೆ ಎಂದ ಈ ತೀರ್ಪನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಮಂತ್ರದಂತೆ ಓದಿಸುತ್ತಾರೆ. ಮುಂದಿನ ಪುಟಗಳನ್ನು ಓದುವವರು ಕಡಿಮೆ. ಫುಟ್‌ಪಾತ್ ಇರುವುದು ನಡೆಯುವವರಿಗೆ, ಅಲ್ಲಿನ ಮನೆಗಳನ್ನು ತೆಗೆಯಬಹುದು, ಆದರೆ ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ತಡೆಯಿರಿ ಎಂದೂ ಅದೇ ತೀರ್ಪು ಹೇಳಿತು. 1976ರ ಗಣತಿಯಲ್ಲಿ ಹೆಸರಿದ್ದವರಿಗೆ ಬೇರೆ ಜಾಗ ಕೊಡಬೇಕು, ಹಾಗೆಂದು ಅದು ತೆರವಿಗೆ ಪೂರ್ವಶರತ್ತಲ್ಲ ಎಂದಿತು. ಒಟ್ಟಿನಲ್ಲಿ ಹಕ್ಕು ಸಿಕ್ಕಿತು, ಮನೆ ಸಿಗಲಿಲ್ಲ. ಸಿಕ್ಕಿದ್ದು ಒಂದಿಷ್ಟು ಸಮಯ, ಮತ್ತು ಯಾವುದೋ ಹಳೆಯ ಪಟ್ಟಿಯಲ್ಲಿ ಹೆಸರಿದ್ದರೆ ಒಂದಿಷ್ಟು ಆಸೆ.

ಆ ಸಮಯವನ್ನು ಕೆಲವರು ಬಳಸಿಕೊಂಡ ಬಗೆ ಈ ಇಡೀ ಚರಿತ್ರೆಯಲ್ಲೇ ವಿಶೇಷವಾದದ್ದು. 1984ರಲ್ಲಿ ಶೀಲಾ ಪಟೇಲ್ ಮತ್ತು ಸಂಗಾತಿಗಳು ‘ಸ್ಪಾರ್ಕ್’ ಸಂಸ್ಥೆ ಕಟ್ಟಿದ್ದರು. ಸರ್ಕಾರ ಎಣಿಸದವರನ್ನು ನಾವೇ ಎಣಿಸೋಣ ಎಂದು ಅವರು 1985ರಲ್ಲಿ ಬೈಕುಲ್ಲಾ ಸುತ್ತಿನ ಫುಟ್‌ಪಾತಿನ ಸುಮಾರು 6,000 ಕುಟುಂಬಗಳ ಲೆಕ್ಕ ಮಾಡಿದರು. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಏನು ಕೆಲಸ, ಎಷ್ಟು ವರ್ಷವಾಯಿತು ಎಂದು ಮನೆ ಮನೆಗೂ ಹೋಗಿ ಕೇಳಿದರು. ನಿನ್ನೆ ಮೊನ್ನೆ ಬಂದ ಪುಂಡರು ಎಂದು ನಗರ ತಿಳಿದಿದ್ದವರು ದಶಕಗಳಿಂದ ಅಲ್ಲೇ ಇದ್ದ ಹಮಾಲಿಗಳು, ಮನೆಗೆಲಸದವರು ಎಂಬುದು ದಾಖಲಾಯಿತು. ಈ ಎಣಿಕೆಯ ಸುತ್ತ ಫುಟ್‌ಪಾತಿನ ಹೆಂಗಸರ ‘ಮಹಿಳಾ ಮಿಲನ್’ ಎಂಬ ಉಳಿತಾಯ ಗುಂಪುಗಳು ಬೆಳೆದವು. ಜಾಕಿನ್ ಒಕ್ಕೂಟವೂ ಜೊತೆಗೂಡಿತು.

ಹೆಂಗಸರೇ ಏಕೆ ಎಂಬುದಕ್ಕೆ ಉತ್ತರ ಸಿದ್ಧಾಂತದಲ್ಲಿಲ್ಲ, ದಿನಚರಿಯಲ್ಲಿದೆ. ತೆರವಿನವರು ಬರುವ ಹೊತ್ತಿಗೆ ಗಂಡಸರು ಕೂಲಿಗೆ ಹೋಗಿರುತ್ತಾರೆ. ಪಾತ್ರೆ, ಮಗು, ಪಡಿತರ ಚೀಟಿ, ಶಾಲೆಯ ಟಿಸಿ ಎಲ್ಲವನ್ನೂ ಹತ್ತು ನಿಮಿಷದಲ್ಲಿ ಹೊರಗೆ ತರಬೇಕಾದವಳು ಹೆಂಗಸು. ನಾಲ್ಕು ಮನೆಯ ಕೆಲಸ ಹಿಡಿದವಳನ್ನು ಇಪ್ಪತ್ತು ಕಿಲೋಮೀಟರ್ ಆಚೆ ಎಸೆದರೆ ಬೆಳಗಿನ ಮೊದಲ ಬಸ್ಸು ಹತ್ತಿದರೂ ಕೆಲಸದ ಹೊತ್ತಿಗೆ ಅವಳು ತಲುಪುವುದಿಲ್ಲ. ಚೆನ್ನೈನ ಕಣ್ಣಗಿ ನಗರ, ಪೆರುಂಬಾಕ್ಕಂಗಳಿಗೆ ಸಾಗಿಸಲ್ಪಟ್ಟ ಸಾವಿರಾರು ಮನೆಗಳಲ್ಲಿ ಮೊದಲು ಕಡಿಮೆಯಾದದ್ದು ಹೆಂಗಸರ ಸಂಪಾದನೆ.

ಜನರೇ ಮಾಡುವ ಗಣತಿಗೆ ಅದರದೇ ಪದ್ಧತಿಯಿದೆ. ಪ್ರತಿ ಬಾಗಿಲಿಗೂ ಸೀಮೆಸುಣ್ಣದಲ್ಲಿ ನಂಬರು ಬರೆಯುವುದು, ಮನೆಯ ಮುಂದೆ ಇಡೀ ಕುಟುಂಬವನ್ನು ನಿಲ್ಲಿಸಿ ಫೋಟೋ ತೆಗೆಯುವುದು, ಗಲ್ಲಿಯ ನಕ್ಷೆ ಬಿಡಿಸುವುದು. ಕೊನೆಯದು ಮುಖ್ಯ: ಪಟ್ಟಿಯನ್ನು ಎಲ್ಲರ ಎದುರು ಗಟ್ಟಿಯಾಗಿ ಓದುವುದು. ಊರಲ್ಲಿರುವ ತಮ್ಮನ ಹೆಸರನ್ನು ತುರುಕಿದವನನ್ನು ಪಕ್ಕದ ಮನೆಯಾಕೆಯೇ ಹಿಡಿಯುತ್ತಾಳೆ; ಬಾಡಿಗೆಗಿರುವ ವಿಧವೆಯ ಹೆಸರು ಬಿಟ್ಟುಹೋದರೆ ಅವಳೂ ಎದ್ದು ಕೇಳಬಹುದು. ಬಾಗಿಲು ಮುಚ್ಚಿದ ಕಚೇರಿಯಲ್ಲಿ ಬರೆದ ಪಟ್ಟಿಗೆ ಈ ಗುಣವಿಲ್ಲ. ಅಂಥ ಪಟ್ಟಿಯಲ್ಲಿ ಹೆಸರು ಸೇರಿಸಲು ಒಂದು ದರ, ತೆಗೆಯಲು ಇನ್ನೊಂದು ದರ.

ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಪ್ರತಿ ಸ್ಲಮ್ಮಿನಲ್ಲೂ ಒಬ್ಬ ‘ಲೀಡರ್’ ಇದ್ದೇ ಇರುತ್ತಾನೆ. ಕಾರ್ಪೊರೇಟರ್ ಮನೆಗೆ ಸಲೀಸಾಗಿ ಹೋಗಿಬರುವವನು, ಚುನಾವಣೆಯಲ್ಲಿ ಮತ ಕೂಡಿಸುವವನು, ಕರೆಂಟು ಹೋದರೆ ಫೋನು ಮಾಡುವವನು. ಅವನನ್ನು ಸುಮ್ಮನೆ ದಲ್ಲಾಳಿ ಎಂದು ತಳ್ಳಿಹಾಕುವುದು ಓದಿದವರ ಚಟ. ನೀರಿನ ಟ್ಯಾಂಕರ್ ತರಿಸುವುದು ಅವನೇ. ಆದರೆ ಅವನ ಬಲ ಇರುವುದೇ ಪಟ್ಟಿ ಅವನ ಜೇಬಿನಲ್ಲಿರುವುದರಲ್ಲಿ. ಸಂಘಟಕ ಮಾಡುವ ಕೆಲಸ ಆ ಪಟ್ಟಿಯನ್ನು ಬೀದಿಗೆ ತರುವುದು. ಹಾಗಾಗಿ ಸಂಘಟಕರಿಗೆ ಮೊದಲ ಏಟು ಬೀಳುವುದು ಎಷ್ಟೋ ಸಲ ಪೊಲೀಸರಿಂದಲ್ಲ, ಒಳಗಿನವರಿಂದಲೇ.

ಪಟ್ಟಿಯ ಇನ್ನೊಂದು ಹೆಸರು ‘ಕಟ್-ಆಫ್’ ದಿನಾಂಕ. ಮುಂಬೈಯಲ್ಲಿ ಅದು 1976ರಿಂದ 1980ಕ್ಕೆ, 1985ಕ್ಕೆ, 1995ಕ್ಕೆ, 2000ಕ್ಕೆ ಎಂದು ಚುನಾವಣೆಗಳ ಬೆನ್ನಿಗೆ ಮುಂದೆ ಮುಂದೆ ಸರಿಯುತ್ತ ಬಂತು. 2004ರಲ್ಲಿ ಕಾಂಗ್ರೆಸ್ 2000ದವರೆಗಿನ ಗುಡಿಸಲುಗಳನ್ನು ಉಳಿಸುವುದಾಗಿ ಮಾತು ಕೊಟ್ಟು ಗೆದ್ದಿತು. ಆ ಚಳಿಗಾಲವೇ ವಿಲಾಸರಾವ್ ದೇಶಮುಖ್ ಸರ್ಕಾರ 1995ರ ಗೆರೆ ಹಿಡಿದು 80,000ಕ್ಕೂ ಹೆಚ್ಚು ಮನೆಗಳನ್ನು ಕೆಡವಿತು. ಮೇಧಾ ಪಾಟ್ಕರ್ ಜೊತೆಗಿದ್ದ ‘ಘರ್ ಬಚಾವೊ ಘರ್ ಬನಾವೊ’ ಆಂದೋಲನ ಹುಟ್ಟಿದ್ದು ಆ ಅವಶೇಷಗಳ ಮೇಲೆ. ದೆಹಲಿಯ 2015ರ ನೀತಿಯಲ್ಲೂ ಇಂಥದೇ ಗೆರೆಗಳಿವೆ: ಬಸ್ತಿ 2006ಕ್ಕೆ ಮೊದಲಿನದಾಗಿರಬೇಕು, ಗುಡಿಸಲು 2015ಕ್ಕೆ ಮೊದಲಿನದಾಗಿರಬೇಕು. ಅಣ್ಣ ಗೆರೆಯ ಈಚೆ, ತಮ್ಮ ಆಚೆ. ಒಂದು ಬೀದಿಯನ್ನು ಒಡೆಯಲು ಲಾಠಿ ಬೇಕಿಲ್ಲ, ಈ ಗೆರೆಯೇ ಸಾಕು.

ಮುಂಬೈ ರೈಲು ಹಳಿಗಳ ಪಕ್ಕದ ಜನರ ವಿಷಯದಲ್ಲಿ ಸ್ಪಾರ್ಕ್ ಬಳಗ ಹಿಡಿದ ದಾರಿ ಬೇರೆಯಾಗಿತ್ತು. ಎದುರು ನಿಲ್ಲುವ ಬದಲು ಮಾತುಕತೆ. ವಿಶ್ವಬ್ಯಾಂಕ್ ಸಾಲದ ರೈಲು-ರಸ್ತೆ ಯೋಜನೆಗಾಗಿ ಸಾವಿರಾರು ಕುಟುಂಬಗಳು ತಾವೇ ಪಟ್ಟಿ ಮಾಡಿಕೊಂಡು, ಗುಂಪು ಕಟ್ಟಿಕೊಂಡು, ಪೊಲೀಸರಿಲ್ಲದೆ ಮಾನ್ಖುರ್ದ್ ಕಡೆಗೆ ಸ್ಥಳಾಂತರಗೊಂಡವು. ಇದನ್ನು ಜಗತ್ತು ಹೊಗಳಿತು. ಟೀಕೆಯೂ ಬಂತು, ಅದು ಹಗುರವಾದದ್ದಲ್ಲ. ಸಂಘಟಕರೇ ಸರ್ಕಾರದ ಪರವಾಗಿ ಜನರನ್ನು ಎಬ್ಬಿಸುವ ಗುತ್ತಿಗೆದಾರರಾದರಲ್ಲವೇ ಎಂದು ಕೇಳಿದವರಿದ್ದರು. ಅದೇ ಯೋಜನೆಯ ರಸ್ತೆ ಕಾಮಗಾರಿಯಲ್ಲಿ ಅಂಗಡಿ ಕಳೆದುಕೊಳ್ಳುವವರು ವಿಶ್ವಬ್ಯಾಂಕಿನ ತನಿಖಾ ಸಮಿತಿಗೆ ದೂರು ಕೊಟ್ಟರು. 2006ರಲ್ಲಿ ಬ್ಯಾಂಕು ಸಾಲದ ಕಂತನ್ನು ಕೆಲಕಾಲ ತಡೆಹಿಡಿಯಿತು. ಗಾಳಿ ಬೆಳಕಿಲ್ಲದಂತೆ ಒತ್ತೊತ್ತಾಗಿ ಕಟ್ಟಿದ ಪುನರ್ವಸತಿ ಬ್ಲಾಕುಗಳಲ್ಲಿ ಕ್ಷಯರೋಗ ಹೆಚ್ಚಿರುವುದನ್ನು ವೈದ್ಯರು ನಂತರ ತೋರಿಸಿದರು. ನನ್ನ ಮಟ್ಟಿಗೆ ಹೇಳುವುದಾದರೆ ಮಾತುಕತೆಯ ದಾರಿ ತಪ್ಪಲ್ಲ. ಪಟ್ಟಿ ಜನರ ಕೈಯಲ್ಲಿತ್ತು, ಆದರೆ ಕಟ್ಟಡದ ನಕ್ಷೆ ಅವರ ಕೈಯಲ್ಲಿರಲಿಲ್ಲ. ತಪ್ಪಿದ್ದು ಅಲ್ಲಿ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಕರ್ನಾಟಕದ ಕೊಳಚೆ ಪ್ರದೇಶಗಳ ಕಾಯಿದೆ 1973ರದ್ದು. ಅದರ ಹೆಸರಿನಲ್ಲೇ ‘ಅಭಿವೃದ್ಧಿ’ ಮತ್ತು ‘ನಿರ್ಮೂಲನೆ’ ಎರಡೂ ಒಟ್ಟಿಗಿವೆ. ಅಧಿಕಾರಿ ಯಾವುದನ್ನು ಓದಿಕೊಳ್ಳುತ್ತಾನೋ ಅದು ನಿಮ್ಮ ಅದೃಷ್ಟ. ಸ್ಲಂ ಬೋರ್ಡು ಒಂದು ಜಾಗವನ್ನು ಕೊಳಚೆ ಪ್ರದೇಶವೆಂದು ಘೋಷಿಸಿದರೆ ಅಲ್ಲಿನವರಿಗೆ ಸ್ವಲ್ಪ ರಕ್ಷಣೆ, ಸ್ವಲ್ಪ ಸೌಲಭ್ಯ. ಘೋಷಣೆಯಾಗದಿದ್ದರೆ ನೀವು ಕೇವಲ ಒತ್ತುವರಿದಾರರು. ರಾಜ್ಯದಲ್ಲಿ ಸುಮಾರು 2,800 ಘೋಷಿತ ಕೊಳಗೇರಿಗಳಿವೆ. ಲೆಕ್ಕಕ್ಕೆ ಬಾರದವು ಎಷ್ಟು ಎಂಬ ಪ್ರಶ್ನೆಗಾಗಿಯೇ ಸಂಘಟನೆಗಳು ದಶಕಗಳಿಂದ ಬೋರ್ಡಿನ ಮೆಟ್ಟಿಲು ಹತ್ತಿಳಿಯುತ್ತಿವೆ.

ಇಲ್ಲಿನ ಸಂಘಟನೆಗೆ ತನ್ನದೇ ಬಣ್ಣವಿದೆ. ಅದು ಬಹುಪಾಲು ದಲಿತರ, ಮುಸ್ಲಿಮರ ಮತ್ತು ಹೆಂಗಸರ ಚಳವಳಿ. ಎಂಬತ್ತರ ದಶಕದಲ್ಲಿ ರೂತ್ ಮನೋರಮಾ ‘ವಿಮೆನ್ಸ್ ವಾಯ್ಸ್’ ಮೂಲಕ ಬೆಂಗಳೂರಿನ ಕೊಳಗೇರಿಯ ಮನೆಗೆಲಸದ ಹೆಂಗಸರನ್ನು ಒಟ್ಟುಗೂಡಿಸಿದರು; 2006ರಲ್ಲಿ ಅವರಿಗೆ ಪರ್ಯಾಯ ನೊಬೆಲ್ ಎಂದು ಕರೆಯಲಾಗುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಿಕ್ಕಿತು. ಸ್ಲಮ್ಮಿನೊಳಗಿಂದಲೇ ಬಂದ ಐಸಾಕ್ ಅರುಳ್ ಸೆಲ್ವ ‘ಸ್ಲಂ ಜಗತ್ತು’ ಎಂಬ ಕನ್ನಡ ಮಾಸಿಕ ನಡೆಸಿದರು. ಕೊಳಗೇರಿಯವರು ತಮ್ಮ ಸುದ್ದಿಯನ್ನು ತಾವೇ ಬರೆದ ಪತ್ರಿಕೆ ಅದು. ತುಮಕೂರಿನ ಎ. ನರಸಿಂಹಮೂರ್ತಿ ಮುಂದಾಳಾಗಿರುವ ಸ್ಲಂ ಜನಾಂದೋಲನ ಬೆಂಗಳೂರಿನಾಚೆಯ ಊರುಗಳಿಗೂ ಹರಡಿತು. ಹಕ್ಕುಪತ್ರದ ಜೊತೆಗೆ ನಗರದ ಬಡವರಿಗೆ ಭೂಮಿ ಮೀಸಲಿಡುವ ‘ಲ್ಯಾಂಡ್ ಬ್ಯಾಂಕ್’ ಬೇಕೆಂಬುದು ಅದರ ಒತ್ತಾಯ. ಮುಂಬೈಯವರದು ಉಳಿತಾಯದ ಭಾಷೆಯಾದರೆ ಇವರದು ಅಂಬೇಡ್ಕರ್ ಭಾಷೆ. ವಸತಿ ಕೊಡಿ ಎಂದು ಇವರು ಬೇಡುವುದಿಲ್ಲ, ಸಂವಿಧಾನದ ಪಾಲು ಎಂದು ಕೇಳುತ್ತಾರೆ.

ಇಷ್ಟಿದ್ದೂ ಈಜಿಪುರದಲ್ಲಿ ಸೋತೆವು. ಕೋರಮಂಗಲಕ್ಕೆ ಅಂಟಿಕೊಂಡ ಆ ಜಾಗದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು ತೊಂಬತ್ತರ ದಶಕದ ಹೊತ್ತಿಗೆ ಸುಮಾರು 1,500 ಮನೆಗಳ ಬ್ಲಾಕುಗಳನ್ನು ಕಟ್ಟಲಾಗಿತ್ತು. ಕಳಪೆ ಕಾಮಗಾರಿ, ಕೆಲವೇ ವರ್ಷಗಳಲ್ಲಿ ಬ್ಲಾಕುಗಳು ಕುಸಿದವು. ಜನ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಹೊಸ ಮನೆಗಾಗಿ ಕಾದರು. ಅಷ್ಟರಲ್ಲಿ ನೆಲದ ಬೆಲೆ ಗಗನಕ್ಕೇರಿತ್ತು. ಖಾಸಗಿ ಕಂಪನಿಯೊಂದರ ಜೊತೆ ಪಾಲಿಕೆ ಒಪ್ಪಂದ ಮಾಡಿಕೊಂಡಿತು: ಸುಮಾರು ಅರ್ಧ ಜಾಗದಲ್ಲಿ ಬಡವರಿಗೆ ಫ್ಲ್ಯಾಟು, ಉಳಿದರ್ಧದಲ್ಲಿ ಕಂಪನಿಯ ಮಾಲ್. ಫ್ಲ್ಯಾಟು ಯಾರಿಗೆ? ಮೂಲ ಹಂಚಿಕೆದಾರರಿಗೆ ಮಾತ್ರ. ಆ ಹೊತ್ತಿಗೆ ಶೆಡ್ಡುಗಳಲ್ಲಿದ್ದವರಲ್ಲಿ ಬಹಳಷ್ಟು ಜನ ಬಾಡಿಗೆದಾರರು, ಭೋಗ್ಯಕ್ಕೆ ಹಿಡಿದವರು, ಕೈಬದಲಾದ ಕಾಗದದವರು. ಎಷ್ಟೋ ಮೂಲ ಹಂಚಿಕೆದಾರರು ಬೇರೆಲ್ಲೋ ಇದ್ದರು. ತೆರವಾದರೆ ಅವರಿಗೆ ಲಾಭವೇ. 2013ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಎಲ್ಲವೂ ಮಣ್ಣಾಯಿತು. ಅಡ್ಡ ನಿಂತವರನ್ನು ಬಂಧಿಸಿದರು. ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಅದೇ ರಸ್ತೆಯ ಫುಟ್‌ಪಾತಿನಲ್ಲಿ ಉಳಿದವು. ಅವರಿಗೆ ತೋರಿಸಿದ ಬದಲಿ ಜಾಗ ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆ. ಸಂಘಟಕರಿಗೆ ಧೈರ್ಯ ಕಡಿಮೆಯಿರಲಿಲ್ಲ. ಆದರೆ ಹಂಚಿಕೆದಾರ ಮತ್ತು ಬಾಡಿಗೆದಾರ ಒಂದೇ ಪಟ್ಟಿಯಲ್ಲಿ ನಿಲ್ಲುವಂತೆ ಮಾಡುವ ಕೆಲಸ ಕಟ್ಟಡ ಕುಸಿದ ದಿನವೇ ಆಗಬೇಕಿತ್ತು. ಅದು ಆಗದೆ ಉಳಿದಲ್ಲಿ ಗೆರೆ ಎಳೆಯುವ ಕೆಲಸ ಸರ್ಕಾರದ್ದಾಯಿತು.

ಅದೇ ನಗರದ ಮಧ್ಯಮ ವರ್ಗದ ವಿಷಯ ಹೇಗಿತ್ತು ನೋಡಿ. 2016ರ ಆಗಸ್ಟಿನಲ್ಲಿ ರಾಜಕಾಲುವೆ ಒತ್ತುವರಿಯೆಂದು ಅವನಿ ಶೃಂಗೇರಿ ನಗರದ ತಾರಸಿ ಮನೆಗಳನ್ನು ಕೆಡವಿದಾಗ ರಾಜ್ಯದ ಕ್ಯಾಮೆರಾಗಳೆಲ್ಲ ಅಲ್ಲಿದ್ದವು. ಖಾತೆ ಮಾಡಿಕೊಟ್ಟ, ನಕ್ಷೆಗೆ ಸಹಿ ಹಾಕಿದ ಅಧಿಕಾರಿ ಯಾರು ಎಂದು ಎಲ್ಲರೂ ಕೇಳಿದರು. ಸರಿಯಾದ ಪ್ರಶ್ನೆ. ಗುಡಿಸಲು ಬಿದ್ದಾಗ ಇದನ್ನು ಯಾರೂ ಕೇಳುವುದಿಲ್ಲ, ಅಲ್ಲಿಗೂ ವಿದ್ಯುತ್ ಮೀಟರು, ಮತದಾರರ ಚೀಟಿ ಕೊಟ್ಟದ್ದು ಅದೇ ಸರ್ಕಾರವಾಗಿದ್ದರೂ.

ಕರಿಯಮ್ಮನ ಅಗ್ರಹಾರದ ಕಥೆ ಬೇರೆ. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶೀಯರು ಎಂಬ ಮಾತು ಮೊದಲು ಹರಡಿತು, ಹಿಂದೆಯೇ ಜೆಸಿಬಿ ಬಂತು. ಆಧಾರ್, ಮತದಾರರ ಚೀಟಿ ಹಿಡಿದು ಅಳುತ್ತ ನಿಂತವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಕಾರ್ಯಾಚರಣೆಯನ್ನು ತಡೆದು, ತೆರವಾದವರಿಗೆ ಪುನರ್ವಸತಿಯ ಹೊಣೆ ಸರ್ಕಾರದ್ದು ಎಂದಿತು. ಅಂದು ಕಾಗದಗಳು ಜನರ ಕೈಯಲ್ಲಿದ್ದದ್ದು, ಕೆಲವೇ ದಿನಗಳಲ್ಲಿ ಕಾರ್ಯಕರ್ತರು ಅವುಗಳನ್ನು ಒಟ್ಟುಮಾಡಿ ಕೋರ್ಟಿನ ಮುಂದಿಟ್ಟದ್ದು ಸಣ್ಣ ಸಾಧನೆಯಲ್ಲ.

ದೆಹಲಿ ಹೈಕೋರ್ಟು ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗಿದೆ. 2010ರ ಸುದಾಮಾ ಸಿಂಗ್ ತೀರ್ಪು ಮೊದಲು ಸಮೀಕ್ಷೆ, ಆಮೇಲೆ ತೆರವು ಎಂದಿತು. ಶಕೂರ್ ಬಸ್ತಿ ಪ್ರಕರಣದ 2019ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ವಿಭು ಬಖ್ರು ನಗರದ ಮೇಲೆ ಬಡವರಿಗೂ ಹಕ್ಕಿದೆ ಎಂಬ ಮಾತನ್ನೇ ಬರೆದರು. ಮರುವರ್ಷ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿಯ ಹಳಿಗಳ ಪಕ್ಕದ 48,000 ಗುಡಿಸಲುಗಳನ್ನು ಮೂರು ತಿಂಗಳಲ್ಲಿ ತೆಗೆಯಿರಿ ಎಂದು ಆದೇಶಿಸಿತು, ಅಲ್ಲಿದ್ದವರ ಮಾತು ಕೇಳದೆಯೇ. 2019ರ ತೀರ್ಪನ್ನು ಮುಂದಿಟ್ಟುಕೊಂಡು ಮತ್ತೆ ಓಡಾಟ ನಡೆದ ಮೇಲೆ ತಕ್ಷಣದ ತೆರವು ಇಲ್ಲ ಎಂದು ಕೇಂದ್ರ ಹೇಳಿತು. ಒಂದು ಪೀಠ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳಬಹುದಾದ ದೇಶದಲ್ಲಿ ತೀರ್ಪನ್ನು ನೆಚ್ಚಿ ಸಂಘ ಕಟ್ಟುವುದನ್ನು ನಿಲ್ಲಿಸುವ ಹಾಗಿಲ್ಲ.

ಆಮೇಲೆ ಬಂದದ್ದು ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ‘ಬುಲ್ಡೋಜರ್ ತೀರ್ಪು’. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ 15 ದಿನಗಳ ನೋಟಿಸು, ಅಹವಾಲು ಕೇಳುವುದು, ಕಾರ್ಯಾಚರಣೆಯ ವಿಡಿಯೋ, ತಪ್ಪಿದರೆ ಅಧಿಕಾರಿಯ ಜೇಬಿನಿಂದಲೇ ಪರಿಹಾರ ಎಂದೆಲ್ಲ ಕಟ್ಟಳೆ ಹಾಕಿದರು. ಪತ್ರಿಕೆಗಳು ಸಂಭ್ರಮಿಸಿದವು. ಅದೇ ತೀರ್ಪಿನ ಒಂದು ಸಾಲು ಹೇಳುವಂತೆ ರಸ್ತೆ, ಫುಟ್‌ಪಾತ್, ರೈಲು ಹಳಿ, ನದಿ ಕೆರೆಗಳ ಅಂಚಿನ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಇಲ್ಲ. ಬಡವರು ಇನ್ನೆಲ್ಲಿ ಇರುತ್ತಾರೆ? ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಲೆಕ್ಕದಲ್ಲಿ 2023ರೊಂದರಲ್ಲೇ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಲಾಗಿದೆ.

ಬೆಂಗಳೂರಿನ ಅಂಚುಗಳಲ್ಲಿ ಈಗ ಬೆಳೆಯುತ್ತಿರುವುದು ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ವೈಟ್‌ಫೀಲ್ಡ್, ಮಾರತಹಳ್ಳಿ, ಹೆಬ್ಬಾಳದಾಚೆಯ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಜೋಪಡಿಗಳು ಕಾಣುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದ ಗಾರೆ ಕೆಲಸದವರು, ಈಶಾನ್ಯದಿಂದ ಬಂದ ಕಸ ಆಯುವವರು ಅಲ್ಲಿರುತ್ತಾರೆ. ಜಾಗ ಸರ್ಕಾರದ್ದಲ್ಲ, ಖಾಸಗಿಯವರದು. ಒಬ್ಬ ಮೇಸ್ತ್ರಿಯೋ ಮಧ್ಯವರ್ತಿಯೋ ತಿಂಗಳಿಗೆ ಜೋಪಡಿಗಿಷ್ಟು ಎಂದು ವಸೂಲು ಮಾಡುತ್ತಾನೆ, ರಸೀದಿ ಇಲ್ಲ. ಸೈಟು ಮಾರಾಟವಾದ ದಿನ ಮೊದಲು ನೀರಿನ ಟ್ಯಾಂಕರ್ ನಿಲ್ಲುತ್ತದೆ, ಆಮೇಲೆ ಕರೆಂಟು, ಆಮೇಲೆ ಜೆಸಿಬಿ. ಅದಕ್ಕೆ ತೆರವು ಕಾರ್ಯಾಚರಣೆ ಎಂಬ ಹೆಸರೂ ಇಲ್ಲ, ಸರ್ಕಾರಿ ಅಧಿಕಾರಿಯ ಸಹಿಯೂ ಬೇಕಿಲ್ಲ. ಸ್ಲಂ ಕಾಯಿದೆಯ ಘೋಷಣೆ ಇಲ್ಲಿಗೆ ತಲುಪುವುದಿಲ್ಲ; 2024ರ ತೀರ್ಪು ಹಿಡಿದಿಟ್ಟದ್ದು ಸರ್ಕಾರದ ಕೈಯನ್ನು, ಮಾಲೀಕನದನ್ನಲ್ಲ. ಆರು ತಿಂಗಳು ಇಲ್ಲಿ, ಆರು ತಿಂಗಳು ಊರಿನಲ್ಲಿ ಇರುವವರನ್ನು ಸಂಘ ಕಟ್ಟಿ ಕೂರಿಸುವುದು ಹೇಗೆ ಎಂಬುದಕ್ಕೆ ಜಾಕಿನ್ ಕಾಲದ ಪಾಠಗಳಲ್ಲಿ ಸಿದ್ಧ ಉತ್ತರವಿಲ್ಲ. ಇಂಥ ಕಡೆ ಓಡಾಡುವ ಸಂಘಟಕರು ಜಾಗದ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಕೆಲಸದ ಕಡೆಯಿಂದ ಶುರುಮಾಡುತ್ತಿದ್ದಾರೆ: ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡು, ಮಕ್ಕಳಿಗೆ ಅಂಗನವಾಡಿ, ಊರಿನ ಪಡಿತರ ಚೀಟಿಗೆ ಇಲ್ಲಿಯ ಅಕ್ಕಿ. ಆ ಕಾರ್ಡಿನ ಅರ್ಜಿಯಲ್ಲಿ ವಿಳಾಸ ಬರೆಯಬೇಕಾದ ಜಾಗಕ್ಕೆ ಬಂದಾಗ ಎಲ್ಲರೂ ಪೆನ್ನು ಎತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸದ್ಯಕ್ಕೆ ಹೆಚ್ಚಿನವರು ಬರೆಯುವುದು ಎದುರಿನ ಅಪಾರ್ಟ್‌ಮೆಂಟಿನ ಹೆಸರು, ಅದರ ಮುಂದೆ ‘ಹತ್ತಿರ’ ಎಂದು.